ಬಂದವರ ಸಾಲು

ನಮ್ಮ ಮೇಡಂ ಎಡಗೈಯ ತೋರುಬೆರಳು ಅರ್ಧವೇ ಇತ್ತು. ನಡುಗೆಣ್ಣಿನಿಂದ ಮೇಲೆ ಉಗುರಿಲ್ಲ, ತುದಿಯಿಲ್ಲ. ಮುಚ್ಚಿಕೊಂಡ ಚರ್ಮ ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಕೀಬೋರ್ಡಿನಲ್ಲಿ ಆ ಬೆರಳಿಗೆ ಸೇರಿದ ಅಕ್ಷರಗಳನ್ನು ಪಕ್ಕದ ನಡುಬೆರಳು ಬಾಗಿ ಬಂದು, ಬೇಕಾದ್ದಕ್ಕಿಂತ ಜೋರಾಗಿ ಹೊಡೆಯುತ್ತಿತ್ತು. ಹಾಗಾಗಿ ಅವರ ಟೈಪಿಂಗಿಗೆ ಒಂದು ಕುಂಟುತಾಳ. ಕಣ್ಣು ಮುಚ್ಚಿಕೊಂಡು ಕೂತರೂ ಅವರು ಲ್ಯಾಬಿನ ಯಾವ ಮೂಲೆಯಲ್ಲಿದ್ದಾರೆಂದು ನಾವು ಹೇಳಬಹುದಿತ್ತು. ಬೆರಳಿನ ವಿಷಯ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೇಳಿದ ಒಬ್ಬನಿಗೆ, "ಕಂಪ್ಯೂಟರ್ ತಿಂದದ. ನೀ ಪಾಠ ಕೇಳಲಿಲ್ಲಂದ್ರ ನಿನ್ನ ತಲೀನೂ ತಿಂತದ" ಎಂದಿದ್ದರಂತೆ.

ಲೆಕ್ಕ ಮಾಡುವುದು ಮರಾಠಿಯಲ್ಲಿ, ಬೈಯುವುದು ದಖನಿ ಉರ್ದುವಿನಲ್ಲಿ, ಪಾಠ ಹೇಳುವುದು ಕನ್ನಡದಲ್ಲಿ. ಇಂಗ್ಲಿಷ್ ಏನಿದ್ದರೂ ಯಂತ್ರದ ಜೊತೆಗೆ. ಚಿಂತಾಕಿ ಕಡೆಯ ಬೌದ್ಧರ ಮನೆಯ ಮಗಳು. ಔರಾದದಲ್ಲಿ ಹೈಸ್ಕೂಲು, ಬೀದರದಲ್ಲಿ ಹಾಸ್ಟೆಲು, ಆಮೇಲೆ ದೂರದ ಊರುಗಳಲ್ಲಿ ಓದು. ಮತ್ತೆ ಬೀದರಕ್ಕೇ ಬಂದು ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ಜಾವಾ ಕಲಿಸುತ್ತಿದ್ದರು. ಮದುವೆ ಮಾಡಿಕೊಂಡಿರಲಿಲ್ಲ. ಯಾಕೆಂದು ಕೇಳಿದರೆ, "ಕೇಳಾಕ ಬಂದವನ ಹೆಸರು ನಮ್ಮಪ್ಪ ಬರಕೊಳ್ಳಾಕ ಮರ್ತ. ಅವ ಯಾರು, ಎಲ್ಲಿಯವ, ಏನೂ ಗೊತ್ತಾಗಲಿಲ್ಲ" ಎಂದು ನಗುತ್ತಿದ್ದರು. ಹಾಲು ಹಾಕದ ಚಹಾ, ಅದಕ್ಕೆ ನಿಂಬೆಹುಳಿ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಬೇಕು, ಸಿಗದಿದ್ದರೆ ಕಂಡಕ್ಟರನ ಜೊತೆ ಜಗಳ. ಮುಂಗೋಪಿ ಎಂದು ಊರೆಲ್ಲ ಹೇಳುತ್ತಿತ್ತು. ಊರು ಸುಳ್ಳು ಹೇಳುತ್ತಿರಲಿಲ್ಲ.

ಬೀದರದ ಮೈಲೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ಎರಡು ಗಲ್ಲಿಯ ಅಂತರ. ಅವರ ಹತ್ತಿರ ಕಲಿತೆ. ಕಲಿತ ಮೇಲೆ ಅವರು ತರಬೇತಿ ಕೇಂದ್ರ ಬಿಟ್ಟು ಸ್ವಂತವಾಗಿ ಕೆಲಸ ಹಿಡಿಯತೊಡಗಿದಾಗ ನಾನೂ ಜೊತೆ ಸೇರಿದೆ. ಆ ವೇಳೆಗೆ ನನಗೆ ಮದುವೆಯಾಗಿತ್ತು. ದಿನಾ ಸಂಜೆ ನಾನು ಮನೆಗೆ ಬಂದು ಮೇಡಂ ಹೀಗೆ ಬೈದರು, ಹಾಗೆ ಬೈದರು ಎಂದು ಹೇಳುವುದನ್ನು ಕೇಳಿ ಕೇಳಿ ನನ್ನ ಗಂಡ, "ನಿನಗ ಅತ್ತಿ ಇಬ್ಬರು. ಮನ್ಯಾಗಿನಾಕಿ ಬೇಷಿ" ಎನ್ನುತ್ತಿದ್ದರು.

ಎರಡು ಮಳೆಗಾಲ ಒಂದರ ಹಿಂದೆ ಒಂದು ಕೈಕೊಟ್ಟಿದ್ದ ಹೊತ್ತು ಅದು. ಮಾಂಜ್ರಾ ನದಿಯಲ್ಲಿ ಮರಳಷ್ಟೇ ಉಳಿದಿತ್ತು. ಮೈಲೂರಿಗೆ ಟ್ಯಾಂಕರ್ ಬಂದ ದಿನವೇ ಹಬ್ಬ. ಔರಾದ ಕಡೆಯ ಬಸ್ಸುಗಳಲ್ಲಿ ಗಂಟುಮೂಟೆ, ಪಾತ್ರೆ, ಕಟ್ಟಿಹಾಕಿದ ಕೋಳಿ, ಮಕ್ಕಳು. ಗುಳೆ ಹೋಗುವವರು ಹೈದರಾಬಾದಿನ ಕಡೆ ಮುಖ ಮಾಡಿದ್ದರು. ಅಂಥ ಹೊತ್ತಿನಲ್ಲಿ ಭಾಲ್ಕಿಯ ಒಂದು ಸಣ್ಣ ಸಂಸ್ಥೆಗೆ ಒಂದು ಗುತ್ತಿಗೆ ಸಿಕ್ಕಿತ್ತು. ಬರಗಾಲದ ಕೂಲಿ ಕೆಲಸ ಬೇಕೆನ್ನುವವರು ತಮ್ಮ ಊರಿನ ಪಂಚಾಯಿತಿ ಕಂಪ್ಯೂಟರಿನಲ್ಲಿ ಹೆಸರು, ಕಾರ್ಡಿನ ನಂಬರು ಹೊಡೆಸಬೇಕು. ಅದು ಭಾಲ್ಕಿಯ ಸರ್ವರಿಗೆ ಬಂದು ಮುಟ್ಟಬೇಕು. ಯಾವ ಊರಿನಿಂದ ಎಷ್ಟು ಜನ ಕೇಳಿದರು ಎಂಬ ವರದಿ ಪ್ರತಿ ತಿಂಗಳು ಮೇಲಕ್ಕೆ ಹೋಗಬೇಕು. ಕೇಳಿದವರಿದ್ದರೆ ಆ ಊರಲ್ಲಿ ಕೆಲಸ ತೆರೆಯಬೇಕು, ಕೇಳಿದವರಿಲ್ಲದಿದ್ದರೆ ಇಲ್ಲ. ಕೆಲಸ ತೆರೆದರೆ ಜನ ಊರಲ್ಲಿ ಉಳಿಯುತ್ತಾರೆ, ಇಲ್ಲದಿದ್ದರೆ ಬಸ್ ಹತ್ತುತ್ತಾರೆ. ಇಷ್ಟೇ ಲೆಕ್ಕ.

ಪ್ರೋಗ್ರಾಮನ್ನು ಯಾರೋ ಬರೆದು, ಹಣ ಎಣಿಸಿಕೊಂಡು ಹೋಗಿಬಿಟ್ಟಿದ್ದರು. ಅದನ್ನು ನೋಡಿಕೊಳ್ಳುವ ಕೆಲಸ ಮೇಡಂಗೆ ಬಂತು. ಸರ್ವರ್ ಎಂದರೆ ಕೋಣೆ ತುಂಬುವ ಯಂತ್ರವೇನಲ್ಲ. ಊಟದ ಡಬ್ಬಿಯಷ್ಟು ಪೆಟ್ಟಿಗೆ. ಅದರೊಳಗೆ ಒಂದು ಜಾವಾ ಪ್ರೋಗ್ರಾಂ. ಆ ಪ್ರೋಗ್ರಾಮಿನ ಹೊಟ್ಟೆಯೊಳಗೇ ಒಂದು ಪುಟ್ಟ ವೆಬ್ ಸರ್ವರ್. ಇನ್ವರ್ಟರಿನ ಪಕ್ಕದಲ್ಲಿ ಮೇಜಿನ ಮೇಲೆ ಕೂತು ಅದು ಹಳ್ಳಿಗಳಿಂದ ಬಂದ ಕೋರಿಕೆಗಳಿಗೆ ಉತ್ತರ ಕೊಡುತ್ತಿತ್ತು. ದಿನಾ ಬೆಳಿಗ್ಗೆ ನಾವಿಬ್ಬರೂ ಬೀದರದಿಂದ ಭಾಲ್ಕಿಗೆ ಬಸ್ಸಿನಲ್ಲಿ ಹೋಗಿ ಅದರ ಮುಂದೆ ಕೂರುತ್ತಿದ್ದೆವು.

ಮೊದಲ ತಿಂಗಳ ವರದಿಯಲ್ಲೇ ಮೇಡಂ ಒಂದು ಸಾಲಿನ ಮೇಲೆ ಪೆನ್ನು ಇಟ್ಟರು. ಠಾಣಾ ಕುಶನೂರ: ಶೂನ್ಯ.

"ಇದು ಸುಳ್ಳದ" ಎಂದರು.

"ಹ್ಯಾಂಗ್ರಿ ಮೇಡಂ? ಯಾರೂ ಕೇಳಿರಲಿಕ್ಕಿಲ್ಲ."

"ಹಿಂದಿನ ವಾರ ಔರಾದಕ್ಕ ಹೋಗೋ ಮುಂದ ಕುಶನೂರ ಸ್ಟ್ಯಾಂಡಿನಾಗ ನಿನ್ನ ಕಣ್ಣಿಗಿ ಏನು ಕಾಣಿಸ್ತು? ಅರ್ಧ ಊರು ಗಂಟು ಕಟಗೊಂಡು ಕುಂತಿತ್ತು. ಕೆಲಸ ಬ್ಯಾಡಾದವರು ಗಂಟು ಯಾಕ ಕಟ್ತಾರ? ಶೂನ್ಯ ಅಂದ್ರ ಎರಡು ಅರ್ಥ ನೋಡು. ಯಾರೂ ಬಂದಿಲ್ಲ ಅಂತ ಒಂದು. ಬಂದವರನ್ನ ಯಾರೂ ನೋಡಿಲ್ಲ ಅಂತ ಇನ್ನೊಂದು."

ಮರುದಿನವೇ ಠಾಣಾ ಕುಶನೂರಿಗೆ ಹೋದೆವು. ಪಂಚಾಯಿತಿ ಕಟ್ಟೆಯ ಮೇಲೆ ಹೆಂಗಸರು ಕೂತಿದ್ದರು. ಅವರಲ್ಲಿ ಗಂಗಮ್ಮ ಎಂಬ ಎತ್ತರದ ಹೆಂಗಸು, ತೊಗರಿ ಕಟಾವಿನಲ್ಲಿ ಊರಿನ ಹೆಂಗಸರಿಗೆಲ್ಲ ಮುಂದಾಳಾಗಿದ್ದವಳು, ಮೇಡಂ ಅವರನ್ನು ಮರ್ಯಾದೆಗೆ 'ಬಾಯಿ' ಎಂದು ಕರೆಯುತ್ತ, ಕೇಳುವ ಮೊದಲೇ ಶುರುಮಾಡಿದಳು. "ಬಂದಿಲ್ಲಂತ ಯಾರು ಹೇಳ್ತಾರ್ರಿ ಬಾಯಿ? ಸಂತಿ ದಿನ ಬಂದೇವಿ, ಸಂತಿ ಮುಗದ ಮರುದಿನ ಬಂದೇವಿ. ಆ ಡಬ್ಬಿ 'ಅಂಥ ಊರೇ ಇಲ್ಲ' ಅಂತದಂತ. ಊರಾಗ ಕುಂತು ಕೇಳಾಕತ್ತೇವಿ, ಊರೇ ಇಲ್ಲಂದ್ರ ನಾವೆಲ್ಲಿ ಕುಂತೇವ್ರಿ?"

ತಪ್ಪು ಏನೆಂದು ಕಂಪ್ಯೂಟರಿನ ಮುಂದೆ ಕೂತ ಕೂಡಲೇ ತಿಳಿಯಿತು. ಸರ್ವರಿನಲ್ಲಿದ್ದ ಊರುಗಳ ಪಟ್ಟಿಯಲ್ಲಿ 'ಠಾಣಾ ಕುಶನೂರ' ಎಂದಿತ್ತು. ಪಂಚಾಯಿತಿಯ ಆಪರೇಟರ್ ಬರೀ 'ಕುಶನೂರ' ಎಂದು ಹೊಡೆಯುತ್ತಿದ್ದ. ತನ್ನ ಊರಲ್ಲೇ ಕೂತವನು ಠಾಣಾ ಎಂದು ಯಾಕೆ ಹೇಳುತ್ತಾನೆ? ಅದೇನಿದ್ದರೂ ಬಸ್ಸಿನ ಬೋರ್ಡಿನ ಮಾತು. ಯಂತ್ರ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ, ಅಂಥ ಊರಿಲ್ಲವೆಂದು ಎಲ್ಲರನ್ನೂ ಹಿಂದಕ್ಕೆ ಕಳಿಸುತ್ತಿತ್ತು. ಹೋಗಲಿ, ಕಳಿಸಿದ್ದನ್ನಾದರೂ ಎಲ್ಲಾದರೂ ಬರೆದಿಟ್ಟಿತ್ತೇ ಎಂದರೆ, ಅದೂ ಇಲ್ಲ.

ವಾಪಸು ಬರುವಾಗ ಮೇಡಂ ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟರು. ಏನೋ ಆಗಿದೆ ಎಂದು ಆಗಲೇ ಅಂದುಕೊಂಡೆ. ಬಹಳ ಹೊತ್ತಿನ ಮೇಲೆ ಆ ಅರ್ಧ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಕೇಳದೆಯೇ ಹೇಳಿದರು.

"ಬಹತ್ತರದ ಬರದಾಗ, ಎಪ್ಪತ್ತೆರಡರಾಗ, ನಾ ಆರು ವರ್ಷದಾಕಿ. ನಮ್ಮವ್ವ ನನ್ನ ಕರಕೊಂಡು ಖಡಿ ಒಡಿಯೋ ಕೆಲಸಕ್ಕ ಹೋಗ್ತಿದ್ದಳು. ಕೂಲಿಯವರ ಹಾಜರಿ ಬರಿಯೋ ಮುಕಾದಮ ಮಸ್ಟರ್ ಪುಸ್ತಕ ಹಿಡಕೊಂಡು ಕುಂತಿರ್ತಿದ್ದ. ಜಾಗಾ ಇಲ್ಲ, ನಾಳಿ ಬಾ ಅಂತಿದ್ದ. ನಾಳಿ ಹೋದ್ರ ಮತ್ತ ನಾಳಿ. ಒಂದಿನ ನಾನೇ ಅಲ್ಲಿ ಬಿದ್ದಿದ್ದ ಸುತಗಿ ತಗೊಂಡು ಕಲ್ಲು ಒಡ್ಯಾಕ ಕುಂತೆ. ಅವ ನೋಡ್ಲಿ, ನಮಗೂ ಒಡ್ಯಾಕ ಬರ್ತದ ಅಂತ. ಎರಡನೇ ಪೆಟ್ಟು ಬೆರಳಿಗಿ ಬಿತ್ತು."

"ಮುಕಾದಮ ಏನು ಮಾಡಿದನ್ರಿ?"

"ನೀರು ಹಾಕಿದ. ಮನಿಗಿ ಹೋಗ್ರಿ ಅಂದ." ಬೆರಳಿನಿಂದ ಕೈ ತೆಗೆದರು. "ಬ್ಯಾಸಗಿ ಮುಗಿಯೋ ಮುಂದ ಜ್ವಾಳ ಹಂಚಿದ್ರು. ಮಸ್ಟರಿನಾಗ ಹೆಸರಿದ್ದವರಿಗಿ. ನಮ್ಮವ್ವನೂ ಹೋಗಿ ನಿಂತಳು. 'ನೀ ಕೆಲಸಕ್ಕ ಬಂದೇ ಇಲ್ಲಲ್ಲ' ಅಂದ್ರು. ನನ್ನ ತಮ್ಮ ಆ ಬ್ಯಾಸಗಿ ದಾಟಲಿಲ್ಲ. ನಮ್ಮವ್ವ ಸಾಯೋ ತನಕ ಒಂದೇ ಮಾತು ನೋಡು. ಕೆಲಸ ಕೊಡಲಿಲ್ಲಂತ ಸಿಟ್ಟಿಲ್ಲವ್ವಾ, ಬಂದೇ ಇಲ್ಲ ಅಂದರಲ್ಲ, ಅಂತಿದ್ದಳು."

ಭಾಲ್ಕಿಯಲ್ಲಿ ಇಳಿದು ನೇರ ಪೆಟ್ಟಿಗೆಯ ಮುಂದೆ ಹೋದೆವು.

ಅವತ್ತೇ ಲಾಗ್ ಕೆಲಸಕ್ಕೆ ಕೂತರು. ಲಾಗ್ ಎಂದರೆ ಸರ್ವರಿಗೆ ಬಂದ ಪ್ರತಿಯೊಂದು ಕೋರಿಕೆಗೂ ಒಂದು ಸಾಲು: ಎಲ್ಲಿಂದ ಬಂತು, ಯಾವಾಗ ಬಂತು, ಏನು ಕೇಳಿತು, ನಾವು ಏನು ಉತ್ತರ ಕೊಟ್ಟೆವು. ನಮ್ಮ ಪ್ರೋಗ್ರಾಮಿನಲ್ಲಿ ಕೆಲಸಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದ್ದರು. ಮೊದಲನೆಯದು ಊರಿನ ಹೆಸರು ನೋಡುವುದು, ಎರಡನೆಯದು ಕಾರ್ಡಿನ ನಂಬರು ನೋಡುವುದು, ಮೂರನೆಯದು ಆ ಊರಲ್ಲಿ ಕೆಲಸವಿದೆಯೇ ಎಂದು ನೋಡುವುದು. ಎಲ್ಲಕ್ಕಿಂತ ಕೊನೆಗೆ ಲಾಗ್. ನಡುವೆ ಯಾರಾದರೂ ಒಬ್ಬರು ಇಲ್ಲ ಎಂದರೆ ಕೋರಿಕೆ ಅಲ್ಲಿಂದಲೇ ಹಿಂದಕ್ಕೆ. ಹಿಂದೆ ನಿಂತವರಿಗೆ ಅದು ಬಂದದ್ದೇ ತಿಳಿಯುವುದಿಲ್ಲ. ಅಂದರೆ ಕೆಲಸ ಸಿಕ್ಕವರದು ಮಾತ್ರ ದಾಖಲೆ.

"ಹಲ್ಕಟ್!" ಎಂದರು ಮೇಡಂ, ಆ ಕೋಡು ಬರೆದ ಪುಣ್ಯಾತ್ಮನಿಗೆ. ಅದರ ಹಿಂದೆ ಇನ್ನೂ ನಾಲ್ಕು ಮಾತು ದಖನಿಯಲ್ಲಿ ಬಂದವು, ಬರೆಯುವಂಥವಲ್ಲ. ಬೈದು ಮುಗಿಸಿ ನನ್ನ ಕಡೆ ತಿರುಗಿದರು. "ಪೆನ್ನು ಹಿಡದಾಂವ ಮನಿಯೊಳಗ ಕುಂತ್ರ ಉಂಡವರಷ್ಟ ಕಾಣ್ತಾರ. ಬಾಗಲಾಗ ಕುಂಡ್ರಬೇಕು. ಮೊದ್ಲು ಬಂದಾರಂತ ಬರಿ, ಆಮ್ಯಾಲ ಯಾಕ ಬಂದಾರಂತ ಕೇಳು. ತಿಳೀತಾ?"

ಲಾಗನ್ನು ಎಲ್ಲದರ ಹೊರಗೆ ತಂದು, ಉಳಿದದ್ದೆಲ್ಲ ಅದರೊಳಗೆ ಬರುವಂತೆ ಸುತ್ತಿದರು. ನಾನು ಟೈಪ್ ಮಾಡುತ್ತೇನೆ ಎಂದರೆ ಕೊಡಲಿಲ್ಲ. ಆ ಕುಂಟುತಾಳ ಅವತ್ತು ಮಧ್ಯಾಹ್ನವೆಲ್ಲ ಕೇಳಿತು. ಊರಿನ ಹೆಸರನ್ನೂ ಸರಿಪಡಿಸಿದರು: ಠಾಣಾ ಇರಲಿ, ಇಲ್ಲದಿರಲಿ, ಕನ್ನಡದಲ್ಲಿ ಹೊಡೆಯಲಿ, ಮರಾಠಿಯಲ್ಲಿ ಹೊಡೆಯಲಿ, ಊರು ಅದೇ. ಪೆಟ್ಟಿಗೆಯನ್ನು ಮತ್ತೆ ಚಾಲೂ ಮಾಡಿ ಕಾದೆವು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಒಂದು ಸಾಲು ಮೂಡಿತು. ಚಿಂತಾಕಿಯಿಂದ. ಹೊತ್ತು ನೋಡಿದರೆ ಬೆಳಿಗ್ಗೆ ಹನ್ನೊಂದು ಎಂದಿತ್ತು. ಹೊರಗೆ ಸಂಜೆಯ ಚಹಾದ ಹೊತ್ತು.

"ನೋಡಿಲ್ಲಿ, ನಮ್ಮೂರ ಹೆಣ್ಣಮಗಳು ಲಂಡನ್ ಟೈಮಿಗಿ ಬಂದಾಳ!" ಎಂದು ಮೇಡಂ ಮೇಜು ಬಡಿದು ನಕ್ಕರು. ನಾವು ಹೇಳದೇ ಹೋದರೆ ಲಾಗ್ ತನ್ನ ಪಾಡಿಗೆ ಇಂಗ್ಲೆಂಡಿನ ಗಡಿಯಾರ ಹಿಡಿಯುತ್ತದೆ. ಅದನ್ನು ನಮ್ಮ ಹೊತ್ತಿಗೆ ತಿರುಗಿಸಿದರು. ಅಷ್ಟು ಮನಸ್ಸು ಬಿಚ್ಚಿ ಅವರು ನಕ್ಕಿದ್ದನ್ನು ನಾನು ಕೊನೆಯ ಸಲ ನೋಡಿದ್ದು ಅವತ್ತು.

ಮರುದಿನದಿಂದ ಸಾಲುಗಳು ಬೀಳತೊಡಗಿದವು. ಪ್ರತಿ ಸಾಲಿನ ಕೊನೆಗೆ ಉತ್ತರದ ಸಂಖ್ಯೆ. ಇನ್ನೂರು ಎಂದರೆ ಆಯಿತು, ನಾಲ್ಕುನೂರಾ ಮೂರು ಎಂದರೆ ಇಲ್ಲ, ಹೋಗು. ಊರು ಇದೆ ಎಂದು ಯಂತ್ರ ಈಗ ಒಪ್ಪಿಕೊಂಡಿತ್ತು, ಆದರೆ ಆ ಊರಲ್ಲಿ ತೆರೆದ ಕೆಲಸವಿಲ್ಲ ಎನ್ನುತ್ತಿತ್ತು. ಮೇಡಂ ಪರದೆಯ ಮುಂದೆ ಕೂತು ಮರಾಠಿಯಲ್ಲಿ ಓದುತ್ತಿದ್ದರು: "ಚಾರ್‌ಶೇ ತೀನ್. ಚಾರ್‌ಶೇ ತೀನ್. ಚಾರ್‌ಶೇ ತೀನ್." ಜಪದ ಹಾಗೆ. ಕೇಳಲಾಗದೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಅವರಿಗೆ ಮಾತ್ರ ಒಂದು ಬಗೆಯ ಸಮಾಧಾನ. ಇಲ್ಲ ಎಂದಿದ್ದಕ್ಕಾದರೂ ಗುರುತು ಉಳಿಯುತ್ತಿದೆಯಲ್ಲ ಎಂದು.

ಸಂಸ್ಥೆಯ ಸೆಕ್ರೆಟರಿಗೆ ಇದು ಹಿಡಿಸಲಿಲ್ಲ. ಒಳ್ಳೆಯ ಬಟ್ಟೆಯ, ಮೆತ್ತನೆ ಮಾತಿನ ಮನುಷ್ಯ. ಒಂದು ದಿನ ಕುರ್ಚಿ ಎಳೆದುಕೊಂಡು ನಮ್ಮ ನಡುವೆ ಕೂತರು. "ಮೇಡಂ, ಈ ಇಲ್ಲ ಅಂದಿದ್ದೆಲ್ಲ ಬರ್ಯಾದು ಯಾಕ್ರಿ ಖಾಲಿಪೀಲಿ? ಕೊಟ್ಟಿದ್ದಷ್ಟ ಬರೀರಿ, ಸಾಕು. ಮ್ಯಾಲಿನವರು ನೋಡಿದ್ರ ಸುಮ್ಮ ತಕರಾರು."

"ನೀವ ಅರ್ಜಿ ಕೊಡಾಕ ಹೋಗಿ, 'ನೀವ ಬಂದೇ ಇಲ್ಲ' ಅಂದ್ರ ನಡೀತದೇನ್ರಿ?"

"ನನ್ನ ಮಾತು ಬ್ಯಾರೆ ಅದರಿ."

"ಹೌದ್ರಿ. ನಿಮ್ಮ ಮಾತು ಯಾವಾಗಲೂ ಬ್ಯಾರೆನೇ ಇರ್ತದ" ಎಂದು ಮೇಡಂ ಕೀಬೋರ್ಡಿನ ಕಡೆ ತಿರುಗಿಕೊಂಡರು. ಆ ಮನುಷ್ಯ ಎದ್ದು ಹೋದರು. ಮೇಲಕ್ಕೆ ಹೋಗುವ ವರದಿಯಲ್ಲಿ ಮಾತ್ರ ಅವರು ಕೆಲಸ ಕೊಟ್ಟವರನ್ನಷ್ಟೇ ಎಣಿಸಿ ಕಳಿಸುತ್ತಿದ್ದರು. ಅವತ್ತಿನಿಂದ ಆಫೀಸಿನಲ್ಲಿ ನಮಗೆ ಚಹಾ ಬರುವುದು ನಿಂತಿತು. ಮೇಡಂ ಫ್ಲಾಸ್ಕ್ ತರತೊಡಗಿದರು.

ಅವರು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಔರಾದದ ತಾಲೂಕು ಆಫೀಸಿಗೆ ಹೋಗಿ, ಠಾಣಾ ಕುಶನೂರದವರು ಕೆಲಸ ಕೇಳುತ್ತಲೇ ಇದ್ದಾರೆ, ಪುರಾವೆ ನನ್ನ ಹತ್ತಿರ ಇದೆ, ವಿಚಾರಣೆ ಮಾಡಿ ಕೆಲಸ ತೆರೆಯಿರಿ ಎಂದು ಬಾಯಿ ಮಾಡಿದರು. ಇವತ್ತು, ನಾಳೆ, ಸಾಹೇಬರು ಊರಲ್ಲಿಲ್ಲ, ಸಾಹೇಬರು ಬದಲಾದರು ಎನ್ನುತ್ತ ಚಳಿಗಾಲವೆಲ್ಲ ಕಳೆಯಿತು. ನಡುವೆ ಎಳ್ಳಮಾವಾಸ್ಯೆಯೂ ಬಂದುಹೋಯಿತು. ಬೆಳೆಯೇ ಇಲ್ಲದ ಹೊಲಕ್ಕೆ ಹೋಗಿ ಭೂಮಿತಾಯಿಗೆ ಯಾರು ಚರಗದ ಎಡೆ ಚೆಲ್ಲಬೇಕು? ಜನ ಒಬ್ಬೊಬ್ಬರಾಗಿ ಹೊರಟುಹೋದರು. ಗಂಗಮ್ಮನೂ ಹೋದಳು. ಯುಗಾದಿಯ ನಂತರ ವಿಚಾರಣೆ ಇಡುತ್ತೇವೆಂದು ಕೊನೆಗೂ ಔರಾದದಿಂದ ಫೋನು ಬಂತು.

ವಿಚಾರಣೆಗೆ ಕೆಲವೇ ದಿನ ಇತ್ತು. ಲಾಗ್ ಕಡತಗಳನ್ನೆಲ್ಲ ಪ್ರಿಂಟ್ ತೆಗೆಯೋಣವೆಂದು ಕೂತೆವು. ದಿನಕ್ಕೊಂದು ಕಡತ, ಅದರ ಹೆಸರಿನಲ್ಲೇ ತಾರೀಖು. ಮೇಡಂ ಫೋಲ್ಡರ್ ತೆರೆದರು. ಮೇಲಿನಿಂದ ಕೆಳಕ್ಕೆ ನೋಡಿದರು. ಮತ್ತೆ ಮೇಲಕ್ಕೆ ಹೋದರು. ಕಳೆದ ಒಂದು ತಿಂಗಳಿನ ಕಡತಗಳಿದ್ದವು. ಅದರ ಹಿಂದಿನ ಒಂದೂ ಇರಲಿಲ್ಲ.

ಸೆಕ್ರೆಟರಿ ಅಳಿಸಿದ್ದಾರೆ ಎಂದೇ ನನಗೆ ಮೊದಲು ಅನಿಸಿತು. ಎದ್ದು ಜಗಳಕ್ಕೆ ಹೊರಟೂಬಿಟ್ಟಿದ್ದೆ. ಮೇಡಂ ನನ್ನ ಕೈ ಹಿಡಿದು ಕೂರಿಸಿದರು. "ಅವಂದಲ್ಲ. ನಂದು."

ಆ ಪುಟ್ಟ ವೆಬ್ ಸರ್ವರಿನ ಲಾಗಿಗೆ ಒಂದು ಗುಣವಿದೆ. ಹಳೆಯ ಕಡತಗಳನ್ನು ಎಷ್ಟು ದಿನ ಇಟ್ಟುಕೊಳ್ಳಬೇಕೆಂದು ನಾವು ಹೇಳಬೇಕು. ಹೇಳದಿದ್ದರೆ ಒಂದು ತಿಂಗಳು ಇಟ್ಟುಕೊಂಡು, ಅದಕ್ಕಿಂತ ಹಳೆಯದನ್ನು ದಿನಾ ಒಂದೊಂದಾಗಿ ತಾನೇ ಅಳಿಸಿಹಾಕುತ್ತದೆ. ಅದಕ್ಕೊಂದು ಸಾಲು ಕೋಡು ಬೇಕಿತ್ತು, ಅದನ್ನು ಅವರು ಬರೆದಿರಲಿಲ್ಲ. ವರ್ಷಾನುಗಟ್ಟಲೆ ಕ್ಲಾಸಿನಲ್ಲಿ ಕಲಿಸಿದ್ದರು ನಿಜ. ಆದರೆ ಕ್ಲಾಸಿನ ಸರ್ವರನ್ನು ಬೆಳಿಗ್ಗೆ ಚಾಲೂ ಮಾಡಿ ಸಂಜೆ ಬಂದ್ ಮಾಡುತ್ತಿದ್ದೆವು. ಒಂದು ತಿಂಗಳ ಆಚೆಗೆ ಏನಾಗುತ್ತದೆಂದು ನೋಡುವ ಪ್ರಸಂಗ ಅಲ್ಲಿ ಯಾರಿಗೂ ಬಂದಿರಲಿಲ್ಲ. ಇಲ್ಲಿ ದಿನಾ ಹೊಸ ಕಡತ ಹುಟ್ಟುವುದನ್ನು ನೋಡುತ್ತ ಕೂತಿದ್ದೆವು. ಬಾಲದ ಕಡೆಯಿಂದ ಉದುರುವುದನ್ನು ನೋಡಲಿಲ್ಲ.

ಉಳಿದ ತಿಂಗಳಿನ ಕಡತಗಳಲ್ಲಿ ಠಾಣಾ ಕುಶನೂರಿನ ಸಾಲು ಹುಡುಕಿದರೆ ಅಲ್ಲೊಂದು ಇಲ್ಲೊಂದು. ಕೇಳುವವರು ಯಾರು ಉಳಿದಿದ್ದರು? ಕೇಳಿ ಕೇಳಿ ಸಾಕಾಗಿ ಹೋದವರ ಸಾಲುಗಳೇ ಅಳಿಸಿಹೋಗಿದ್ದವು. ಈಗ ಆ ಲಾಗ್ ನೋಡಿದವರು ಯಾರೇ ಆಗಲಿ, ಆ ಊರಿನವರಿಗೆ ಕೆಲಸದ ಅಗತ್ಯವೇ ಇಲ್ಲ ಎಂದು ಹೇಳುತ್ತಿದ್ದರು. ಪೆಟ್ಟಿಗೆಯೊಳಗಿನ ಮೆಮೊರಿ ಕಾರ್ಡಿನಿಂದ ಅಳಿಸಿದ್ದನ್ನು ಮರಳಿ ತೆಗೆಯಲು ಎರಡು ದಿನ ಒದ್ದಾಡಿದೆವು. ಅದರ ಮೇಲೆ ಹೊಸದು ಬರೆದುಕೊಂಡು ಹೋಗಿತ್ತು.

ಮೇಡಂ ಬೈಯಲಿಲ್ಲ. ದಖನಿಯಲ್ಲಿ ಒಂದು ಮಾತೂ ಬರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. "ಮೇಡಂ, ಯಂತ್ರದ ಗುಣಕ್ಕ ನೀವ ಏನು ಮಾಡ್ತೀರಿ" ಎಂದೆ. "ಮುಕಾದಮ ಬರಕೊಳ್ಳಲಿಲ್ಲ, ಅಷ್ಟ" ಎಂದರು. "ನಾ ಬರಕೊಂಡು ಅಳಿಸೀನಿ. ಯಾರ ತಪ್ಪು ದೊಡ್ಡದು?"

ಆ ಮಾತು ಅನ್ಯಾಯದ್ದು. ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ. ಮರೆತ ಒಂದು ಸಾಲಿಗೂ ಬೇಕೆಂದೇ ಮಾಡಿದ ಮೋಸಕ್ಕೂ ವ್ಯತ್ಯಾಸವಿದೆ. ಆದರೆ ನನ್ನ ಸಮಾಧಾನ ಅವರಿಗೆ ಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಭಾಲ್ಕಿ ಬಸ್ಸನ್ನು ಬಿಟ್ಟು ಹೈದರಾಬಾದಿನ ಬಸ್ಸಿಗೆ ನಿಂತರು. ನಾನೂ ಹತ್ತಿದೆ. ಹೈದರಾಬಾದಿನ ಹೊರಗೆ ಎದ್ದು ನಿಲ್ಲುತ್ತಿದ್ದ ಎತ್ತರದ ಕಟ್ಟಡಗಳ ನಡುವೆ, ಕಬ್ಬಿಣದ ಸರಳು, ಸಿಮೆಂಟಿನ ಧೂಳು, ತಗಡಿನ ಗುಡಿಸಲುಗಳನ್ನು ದಾಟಿ, 'ಕುಶನೂರದವರು ಎಲ್ಲಿದ್ದಾರ್ರಿ' ಎಂದು ಕೇಳುತ್ತ ತಿರುಗಿದೆವು. ಬಿಸಿಲೆಂದರೆ ಬಿಸಿಲು. ಮೇಡಂ ಎರಡು ಸಲ ಎದೆಯ ಮೇಲೆ ಕೈ ಇಟ್ಟುಕೊಂಡು ಕೂತರು. ನೀರು ಕೊಟ್ಟರೆ, "ನಡಿ, ನಡಿ" ಎಂದರು. ಸಂಜೆಯ ಹೊತ್ತಿಗೆ ಗಂಗಮ್ಮ ಸಿಕ್ಕಳು, ತಲೆಯ ಮೇಲೆ ಇಟ್ಟಿಗೆ ಹೊತ್ತುಕೊಂಡು.

ಆದದ್ದನ್ನು ಮೇಡಂ ಏನೂ ಮುಚ್ಚಿಡದೆ ಹೇಳಿದರು. ನಿಮ್ಮ ಹೆಸರುಗಳೆಲ್ಲ ಇದ್ದವು, ನನ್ನ ತಪ್ಪಿನಿಂದ ಹೋದವು ಎಂದರು. ಗಂಗಮ್ಮ ಇಟ್ಟಿಗೆ ಇಳಿಸಿ ಕೇಳಿಸಿಕೊಂಡಳು.

"ಯಾವ ದಿನ ಬಂದಿದ್ದಿ, ನೆನಪದ ಏನವ್ವ?" ಎಂದು ಮೇಡಂ ಕೇಳಿದರು.

"ನೆನಪದ ಅಲ್ರಿ. ದಸರಾ ಬನ್ನಿ ಕೊಟ್ಟ ಮರುದಿನ. ದೀಪಾವಳಿ ಮುಗದ ಮ್ಯಾಲಿನ ಸಂತಿಗಿ. ಎಳ್ಳಮಾಸಿ ಮುಂದ ಎರಡು ಸಲ. ನನ್ನ ಸೊಸಿ ಹೊಟ್ಟೀಲಿದ್ದಳು, ಕಟ್ಟಿ ಹತ್ತಾಕ ಆಗವಲ್ದಾಗಿತ್ತು. ಹಂಗ ಕೈ ಹಿಡದು ಹತ್ತಿಸೀನಿ. ಮರಿಯಾಕ ಆಗ್ತದೇನ್ರಿ?"

"ಹಂಗಾರ ನೀವೇ ಬರ್ರಿ. ಔರಾದಕ್ಕ. ಸಾಹೇಬರ ಮುಂದ ನಿಂತು ಇದನ್ನೇ ಹೇಳ್ರಿ."

ಒಂದು ದಿನದ ಕೂಲಿ ಬಿಟ್ಟು, ಮೇಸ್ತ್ರಿಯ ಬೈಗುಳ ತಿಂದು, ಅಷ್ಟು ದೂರ ಬರುತ್ತಾರೆಂದು ನನಗೆ ನಂಬಿಕೆ ಇರಲಿಲ್ಲ. ವಿಚಾರಣೆಯ ದಿನ ಔರಾದದ ಆ ಆಫೀಸಿನ ಮುಂದೆ ಒಂದು ಟೆಂಪೊ ತುಂಬ ಹೆಂಗಸರು ಬಂದಿಳಿದರು. ಗಂಗಮ್ಮನ ಸೊಸೆಯ ಕಂಕುಳಲ್ಲಿ ಕೂಸಿತ್ತು. ಎಲ್ಲರೂ ಬೇವಿನ ಮರದ ಕೆಳಗೆ ನೆಲದ ಮೇಲೆ ಕೂತರು. ಚಪರಾಸಿ ಬಂದು, ಸಂಸ್ಥೆಯಿಂದ ಒಬ್ಬರು ಮಾತ್ರ ಒಳಗೆ ಬನ್ನಿ ಎಂದ. ಮೇಡಂ ಹೋದರು. ನಾನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ.

ಸಾಹೇಬರು ದಕ್ಷಿಣದ ಕಡೆಯವರು, ಸಭ್ಯರು. "ದಾಖಲೆ ಇದೆ ಅಂತ ನೀವೇ ಹೇಳಿದ್ರಲ್ಲ ಮೇಡಂ, ಕೊಡಿ."

"ಅಳಿಸಿ ಹೋಗ್ಯಾದ್ರಿ. ತಪ್ಪು ನಂದು, ಬರಕೊಳ್ರಿ. ಆದ್ರ ಅವರು ಬಂದಿದ್ದು ಖರೆ."

"ದಾಖಲೆ ಇಲ್ಲದೆ ಅದನ್ನ ನಾನು ಹೇಗೆ ಒಪ್ಪಲಿ?"

"ಕೇಳಿದವರೇ ಹೊರಗ ಕುಂತಾರ್ರಿ. ಹೈದರಾಬಾದಿಂದ ಬಂದಾರ. ಕಿಟಕಿ ತೆರದು ನೋಡ್ರಿ, ಕಾಣ್ತಾರ."

ಕುರ್ಚಿ ಸರಿದ ಸದ್ದಿಗೆ ಕಾದೆ. ಸರಿಯಲಿಲ್ಲ. "ಎಲ್ಲರನ್ನೂ ಕೇಳ್ತಾ ಕೂತರೆ ಸಂಜೆ ಆಗುತ್ತೆ ಮೇಡಂ. ನೀವು ಹೇಳಿದ್ದನ್ನ ಪರಿಶೀಲಿಸ್ತೀವಿ, ಆದೇಶ ಕಳಿಸ್ತೀವಿ" ಎಂದರು. ಅವರು ಕೆಟ್ಟವರಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ಅವರಿಗೆ ಊಟದ ಹೊತ್ತಾಗಿತ್ತು, ಅಷ್ಟೇ.

ಮೇಡಂ ಹೊರಗೆ ಬಂದು ಹೆಂಗಸರ ನಡುವೆ ನೆಲದ ಮೇಲೆಯೇ ಕೂತುಬಿಟ್ಟರು. ಯಾರೋ ಅವರ ಕೈಗೆ ರೊಟ್ಟಿ ಕೊಟ್ಟರು, ಶೇಂಗಾ ಹಿಂಡಿ ಹಚ್ಚಿ. ತಿಂದರು. ಎಲ್ಲರ ಮುಖವನ್ನೂ ಒಬ್ಬೊಬ್ಬರದಾಗಿ ನೋಡುತ್ತ, ಬಹಳ ನಿಧಾನವಾಗಿ ತಿಂದರು.

ಆ ಬೇಸಿಗೆ ಮುಗಿಯುವ ಮುಂಚೆಯೇ ಅವರು ಹೋದರು. ಮೈಲೂರಿನ ಮನೆಯಲ್ಲಿ, ಬೆಳಗಿನ ಹೊತ್ತು, ಚಹಾಕ್ಕೆ ನೀರು ಇಟ್ಟು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಎದೆಯ ರೋಗ ಮೊದಲಿನಿಂದಲೂ ಇತ್ತು ಎಂದರು ಡಾಕ್ಟರು. ಇದ್ದೀತು. ನಾನು ಅವರಿಂದ ಕಲಿತದ್ದು ಜಾವಾ ಎಂದು ಜನ ತಿಳಿದಿದ್ದಾರೆ. ಜಾವಾವನ್ನು ಯಾರ ಬಳಿಯಾದರೂ ಕಲಿಯಬಹುದಿತ್ತು. ಇಲ್ಲ ಎನ್ನಿಸಿಕೊಂಡು ತಿರುಗಿ ಹೋಗುವವರ ಬೆನ್ನನ್ನು ನೋಡುವುದನ್ನು ಅವರು ಕಲಿಸಿದರು. ಅದು ಸುಖದ ವಿದ್ಯೆಯಲ್ಲ. ಆದರೂ ಅದೊಂದು ಇಲ್ಲದಿದ್ದರೆ ನಾನು ಏನಾಗಿರುತ್ತಿದ್ದೆನೆಂದು ಯೋಚಿಸಿದರೆ ನನಗೇ ನಾಚಿಕೆಯಾಗುತ್ತದೆ. ಆ ಋಣ ತೀರುವಂಥದ್ದಲ್ಲ. ತೀರಲಿ ಎಂದು ನನಗೆ ಆಸೆಯೂ ಇಲ್ಲ.

ಆದೇಶ ಬಂದಾಗ ಮಳೆಗಾಲ ಶುರುವಾಗಬೇಕಿತ್ತು, ಆಗಿರಲಿಲ್ಲ. ಕೆಲಸ ಕೇಳಿದ್ದಕ್ಕೆ ಆಧಾರವಿಲ್ಲ, ಆದ್ದರಿಂದ ಠಾಣಾ ಕುಶನೂರದಲ್ಲಿ ಕೆಲಸ ತೆರೆಯುವ ಅಗತ್ಯವಿಲ್ಲ ಎಂದಿತ್ತು. ವಿಚಾರಣೆಗೆ ಸಂಸ್ಥೆಯ ಪ್ರತಿನಿಧಿ ಹಾಜರಿದ್ದರು. ಗ್ರಾಮಸ್ಥರ ಪರವಾಗಿ ಯಾರೂ ಹಾಜರಿರಲಿಲ್ಲ ಎಂದಿತ್ತು. ಆ ಕೊನೆಯ ಮಾತನ್ನು ಮೇಡಂ ಓದಲಿಲ್ಲವಲ್ಲ ಎಂದು ನಾನು ಅವತ್ತು ದೇವರಿಗೆ ಕೈ ಮುಗಿದೆ.

ಊರಿಗೆ ಹೋಗಿ ಹೇಳಬೇಕಲ್ಲ, ಹೋದೆ. ಬಿತ್ತನೆಯ ಆಸೆಗೆ ಬಂದಿದ್ದ ಗಂಗಮ್ಮ, ಮಳೆಯ ಸುಳಿವಿಲ್ಲದೆ ಮತ್ತೆ ಹೊರಟು ಬಸ್ ಸ್ಟ್ಯಾಂಡಿನಲ್ಲಿ ಗಂಟಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಸೊಸೆ, ಕೂಸು. ಮೇಡಂ ತೀರಿಕೊಂಡದ್ದನ್ನು ಹೇಳಿ, ಆದೇಶವನ್ನು ಓದಿ ಹೇಳಿದೆ. ಯಾರೂ ಹಾಜರಿರಲಿಲ್ಲ ಎಂಬುದನ್ನೂ ಬಿಡದೆ ಓದಿದೆ. ಅವಳು ಸಿಟ್ಟಾಗಲಿಲ್ಲ. ಅಷ್ಟು ಹೊತ್ತು ಕೇಳಿಸಿಕೊಂಡು, ಒಂದೇ ಮಾತು ಕೇಳಿದಳು.

"ನಮ್ದು ಇರ್ಲಿ. ಮೇಡಂ ಬಾಯಿ ಸತ್ತದ್ದನ್ನರ ಎಲ್ಲ್ಯಾರ ಬರಕೊಂಡಾರೇನ್ರಿ?"

"ಬರಕೊಂಡಾರ. ಬೀದರ ನಗರಸಭ್ಯಾಗ."

"ಖರೆ?"

"ನಾನೇ ನಿಂತು ಬರಸೀನಿ."

"ಛಲೋ ಮಾಡಿದ್ರಿ" ಎಂದಳು. ಅಷ್ಟರಲ್ಲಿ ಬಸ್ ಬಂತು. ಗಂಟನ್ನು ಎತ್ತಿ ಅವಳ ತಲೆಯ ಮೇಲೆ ಇಟ್ಟೆ, ಕೂಸನ್ನು ಕಿಟಕಿಯಿಂದ ಸೊಸೆಯ ಕೈಗೆ ಕೊಟ್ಟೆ. ಬಸ್ ಹೊರಟಿತು. ಹತ್ತಿದವರ ಮುಖಗಳನ್ನೆಲ್ಲ ನೋಡುತ್ತ ನಿಂತೆ.